ಅಪ್ಪ-ಅಮ್ಮನನ್ನು ಸ್ವಿಟ್ಜರ್‌ಲ್ಯಾಂಡಿಗೆ ಕರೆದುಕೊಂಡು ಹೋಗಬೇಕು. ಯಾವಾಗ ಹೋಗೋದು, ಎಲ್ಲಿ ಉಳಿಯೋದು?

ನೀರ್ಚಾಲಿನವಳು

ಎಲ್ಲರಿಗೂ ನಮಸ್ಕಾರ. ನನ್ನ ಊರು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದ ಹತ್ತಿರ ನೀರ್ಚಾಲು. ಕೆಲಸ ಬೆಂಗಳೂರಿನಲ್ಲಿ. ಅಪ್ಪನಿಗೆ 67, ಅಮ್ಮನಿಗೆ 61. ಎರಡು ಎಕರೆ ಅಡಿಕೆ ತೋಟ, ಎರಡು ದನ. ಕಾಶಿ, ರಾಮೇಶ್ವರ ಬಿಟ್ಟರೆ ಅವರು ದೂರ ಎಲ್ಲಿಗೂ ಹೋದದ್ದಿಲ್ಲ. ನನ್ನ ಓದಿನ ಸಾಲ ಈ ವರ್ಷ ತೀರಿತು. ಸಾಲ ತೀರಿದ ಕೂಡಲೇ ಮಾಡಬೇಕು ಅಂತ ಇಟ್ಟುಕೊಂಡ ಕೆಲಸ ಇದು.

ಅಮ್ಮನ ಅಡುಗೆಮನೆ ಗೋಡೆಯಲ್ಲಿ ಹಳೇ ಕ್ಯಾಲೆಂಡರಿನ ಒಂದು ಚಿತ್ರ ಉಂಟು. ಸರೋವರ, ಅದರಾಚೆ ಹಿಮದ ಬೆಟ್ಟ, ದಡದಲ್ಲಿ ಒಂದು ಮರದ ಮನೆ. ತಿಂಗಳಿನ ಹಾಳೆಗಳೆಲ್ಲ ಹೋಗಿ ಎಷ್ಟೋ ವರ್ಷ ಆಯ್ತು, ಚಿತ್ರವನ್ನು ಮಾತ್ರ ಅಮ್ಮ ತೆಗೆಯಲಿಲ್ಲ. ಒಲೆಯ ಹೊಗೆಗೆ ಹಿಮವೆಲ್ಲ ಹಳದಿ ಆಗಿದೆ. ಒಮ್ಮೆ ಕೇಳಿದ್ದಕ್ಕೆ "ಆ ಹಿಮ ಮುಟ್ಟಿದರೆ ಹೇಗಿರ್ತದೋ" ಅಂದಿದ್ದರು. ಅಪ್ಪನದು ಬೇರೆ ಪ್ರಶ್ನೆ: "ಅಷ್ಟು ಕಡಿದಾದ ಗುಡ್ಡೆಯಲ್ಲಿ ಅವರು ದನ ಹೇಗೆ ಸಾಕ್ತಾರೆ?"

ಒಬ್ಬ ಏಜೆಂಟರು ಎಂಟು ದಿನದ ಪಟ್ಟಿ ಕೊಟ್ಟಿದ್ದಾರೆ. ಜ್ಯೂರಿಕ್, ಲುಸೆರ್ನ್, ಟಿಟ್ಲಿಸ್, ಇಂಟರ್‌ಲಾಕೆನ್, ಯುಂಗ್‌ಫ್ರಾವ್, ಝೆರ್ಮಾಟ್, ಜಿನೀವಾ. ಹೆಚ್ಚುಕಡಿಮೆ ದಿನಕ್ಕೊಂದು ಹೋಟೆಲ್. ನೋಡಿದರೆ ನನಗೇ ಸುಸ್ತಾಗುತ್ತದೆ. ಅಮ್ಮನಿಗೆ ಮಂಡಿನೋವು, ಅಪ್ಪನಿಗೆ ಬಿಪಿ ಮಾತ್ರೆ ನಡೆಯುತ್ತಿದೆ. ಇಬ್ಬರೂ ಶುದ್ಧ ಸಸ್ಯಾಹಾರಿಗಳು. ಅಪ್ಪನಿಗೆ ಊಟ ಆದ ಮೇಲೆ ಎಲೆ-ಅಡಿಕೆ ಬೇಕೇ ಬೇಕು.

ಹೋಗಿ ಬಂದವರು ಹೇಳಿ. ಏಪ್ರಿಲ್-ಮೇ ಒಳ್ಳೆಯದಾ? ಈ ಪಟ್ಟಿಯಲ್ಲಿ ಯಾವುದನ್ನು ಬಿಡಬಹುದು? ಅಪ್ಪನಿಗೆ ಸಂಬಳದ ಚೀಟಿ ಇಲ್ಲ. ವೀಸಾಕ್ಕೆ ಏನು ತೋರಿಸೋದು?

ಉಪ್ಪಳ ಟು ಶಾರ್ಜಾ

ನಾನು ಶಾರ್ಜಾದಿಂದಲೇ ಹೋಗಿ ಬಂದವನು, ಆದ್ದರಿಂದ ಊರಿನ ವೀಸಾ ಕೆಲಸದ ಬಗ್ಗೆ ಬೇರೆಯವರು ಹೇಳಲಿ. ಗೊತ್ತಿರುವ ನಾಲ್ಕು ಮಾತು ಬರೆಯುತ್ತೇನೆ.

ಅಲ್ಲಿ ಯೂರೋ ಅಲ್ಲ, ಫ್ರಾಂಕ್. ಸ್ವಿಟ್ಜರ್‌ಲ್ಯಾಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ, ಆದರೆ 2008ರಿಂದ ಶೆಂಗೆನ್ ವ್ಯವಸ್ಥೆಯಲ್ಲಿದೆ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. ಹಾಗಾಗಿ ವೀಸಾ ಶೆಂಗೆನ್ನಿನದ್ದೇ. ಮೊಬೈಲಿನ ತೆಳು ಎರಡು ಕಡ್ಡಿಯ ಚಾರ್ಜರ್ ಅಲ್ಲಿಯ ಪ್ಲಗ್ಗಿಗೆ ಹೋಗುತ್ತದೆ. ನಮ್ಮ ದಪ್ಪ ಮೂರು ಕಡ್ಡಿಯದ್ದು ಹೋಗುವುದಿಲ್ಲ, ಅಡಾಪ್ಟರ್ ಬೇಕು.

ಭಾನುವಾರ ಹೆಚ್ಚಿನ ಅಂಗಡಿಗಳು ಬಾಗಿಲು. ದೊಡ್ಡ ರೈಲ್ವೆ ನಿಲ್ದಾಣದೊಳಗಿನ ಅಂಗಡಿಗಳು ತೆರೆದಿರುತ್ತವೆ. ಶನಿವಾರವೇ ಹಾಲು, ಮೊಸರು, ಬ್ರೆಡ್ ತಂದಿಟ್ಟುಕೊಳ್ಳಿ. ನಿಲ್ದಾಣದ ಶೌಚಾಲಯಕ್ಕೆ ದುಡ್ಡು ಕೊಡಬೇಕಾಗುತ್ತದೆ, ಚಿಲ್ಲರೆ ಒಂದು ಫ್ರಾಂಕಿನ ನಾಣ್ಯ ಅಮ್ಮನ ಪರ್ಸಿನಲ್ಲೇ ಇರಲಿ.

ಪಟ್ಟಿಯಲ್ಲಿ ಜಿನೀವಾ, ಝೆರ್ಮಾಟ್ ಎರಡನ್ನೂ ಬಿಡಿ ಅಕ್ಕ. ಎರಡೂ ಚಂದವೇ. ಆದರೆ ಎಂಟು ದಿನದಲ್ಲಿ ಅಷ್ಟು ಓಡಿದರೆ ನೆನಪಿರೋದು ಪೆಟ್ಟಿಗೆ ಎಳೆದದ್ದು ಮಾತ್ರ.

ಮುಳ್ಳೇರಿಯದ ಟೀಚರ್

ಮಗಳೇ, ನಿನ್ನ ಅಮ್ಮನ ಗೋಡೆಯ ಚಿತ್ರದ ವಿಷಯ ಓದಿ ಸುಮ್ನೆ ಇರಲು ಆಗಲಿಲ್ಲ. ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ 31 ವರ್ಷ ಸಮಾಜ ವಿಜ್ಞಾನ ಕಲಿಸಿದವಳು. ಪ್ರತಿ ವರ್ಷ ಬೋರ್ಡಿನ ಮೇಲೆ ಯುರೋಪಿನ ನಕ್ಷೆ ಬರೆದು, ಸೀಮೆಸುಣ್ಣವನ್ನು ಅಡ್ಡ ಹಿಡಿದು ಉಜ್ಜಿ ಆಲ್ಪ್ಸ್ ಪರ್ವತ ತೋರಿಸುತ್ತಿದ್ದೆ. 2023ರ ಸೆಪ್ಟೆಂಬರ್‌ನಲ್ಲಿ, ನನ್ನ 64ನೇ ವಯಸ್ಸಿನಲ್ಲಿ, ಆ ಬೆಟ್ಟದ ಬುಡದಲ್ಲಿ ನಿಂತೆ. ಜೊತೆಗೆ ನಮ್ಮ ಯಜಮಾನರು ಮತ್ತು ಮಗ. ಒಟ್ಟು ಹನ್ನೊಂದು ದಿನ.

ಮೊದಲು ಕಾಲದ ವಿಷಯ. ಏಪ್ರಿಲ್-ಮೇ ಬೇಡ. ಬೆಟ್ಟದ ಎಷ್ಟೋ ಕೇಬಲ್ ಕಾರುಗಳನ್ನು ಆಗ ರಿಪೇರಿಗಾಗಿ ನಿಲ್ಲಿಸಿರುತ್ತಾರೆ. ಎತ್ತರದ ದಾರಿಗಳಲ್ಲಿ ಹಿಮ ಕರಗಿರುವುದಿಲ್ಲ, ಬೆಟ್ಟ ದಾಟುವ ಘಾಟಿ ರಸ್ತೆಗಳು ಕೆಲವು ಜೂನ್‌ನಲ್ಲಿ ತೆರೆಯುವುದು. ಅದೂ ಅಲ್ಲದೆ ಮೇ ಕೊನೆಗೆ ನಿನ್ನ ಅಪ್ಪನಿಗೆ ಅಡಿಕೆಗೆ ಮೊದಲನೇ ಮದ್ದು ಬಿಡುವ (ಸಿಂಪಡಿಸುವ) ಗಡಿಬಿಡಿ. ಬೋರ್ಡೋ ಮದ್ದು ಬಿಡದೆ ಬಂದವರಿಗೆ ಆಲ್ಪ್ಸ್ ತೋರಿಸಿದರೂ ಕಣ್ಣಿಗೆ ಕಾಣುವುದು ಕೊಳೆರೋಗದ ಉದುರಿದ ಅಡಿಕೆಯೇ. ನಮ್ಮವರನ್ನು ನೋಡಿ ಹೇಳುತ್ತಿದ್ದೇನೆ. ಮಳೆಗಾಲದ ಮದ್ದೆಲ್ಲ ಮುಗಿಸಿ, ಚೌತಿ ಕಳೆದು, ಕೊಯ್ಲಿಗೆ ಮೊದಲು ಹೋಗಿ. ಸೆಪ್ಟೆಂಬರ್ ನಡುವೆ ಅಂದರೆ ನಮಗೂ ಬಿಡುವು, ಅಲ್ಲಿಯೂ ಹವೆ ಒಳ್ಳೆಯದು. ಜುಲೈ-ಆಗಸ್ಟ್‌ನ ನೂಕುನುಗ್ಗಲು ಇಳಿದಿರುತ್ತದೆ.

ಎರಡನೆಯದು, ನಿನಗೆ ನಾನು ಹೇಳಲೇಬೇಕಾದ್ದು. ಊರುಗಳ ಪಟ್ಟಿ ಬಿಡು. ಒಂದು ಹೊಳೆಯ ಬೆನ್ನು ಹಿಡಿದು ಹೋಗು.

ನಮ್ಮ ಪಯಸ್ವಿನಿಯನ್ನೇ ನೋಡು. ಕೊಡಗಿನ ಬೆಟ್ಟದಿಂದ ಇಳಿದು, ಸುಳ್ಯ ದಾಟಿ ಬಂದು, ಕಾಸರಗೋಡಿನಲ್ಲಿ ಚಂದ್ರಗಿರಿ ಅನ್ನಿಸಿಕೊಂಡು ಸಮುದ್ರ ಸೇರುತ್ತದೆ. ಯಾರಾದರೂ ಹೊರಗಿನವರು ಆ ಹೊಳೆಯ ಜೊತೆಗೇ ಬಂದರೆ ನಮ್ಮ ಊರು, ತೋಟ, ಭಾಷೆ, ಊಟ ಎಲ್ಲ ತಾನಾಗಿ ಕಾಣುತ್ತದೆ. ಅಲ್ಲಿಯೂ ಅಂಥ ಒಂದು ಹೊಳೆ ಇದೆ, ಹೆಸರು ಆರೆ. ಪೂರ್ತಿ ಆ ದೇಶದೊಳಗೇ ಹರಿಯುವ ಹೊಳೆಗಳಲ್ಲಿ ಅದೇ ಎಲ್ಲಕ್ಕಿಂತ ಉದ್ದ, ಸುಮಾರು 290 ಕಿ.ಮೀ. ಗ್ರಿಮ್ಸೆಲ್ ಘಾಟಿಯ ಹತ್ತಿರ ಹಿಮನದಿಯಿಂದ ಹೊರಟು, ಮೈರಿಂಗೆನ್ ದಾಟಿ, ಬ್ರಿಯೆಂಟ್ಸ್ ಸರೋವರಕ್ಕೆ ಬೀಳುತ್ತದೆ. ಅಲ್ಲಿಂದ ಇಂಟರ್‌ಲಾಕೆನ್ ಮೂಲಕ ಥೂನ್ ಸರೋವರ. ಆಮೇಲೆ ರಾಜಧಾನಿ ಬರ್ನ್. ಕೊನೆಗೆ ರೈನ್ ನದಿಗೆ ಸೇರುತ್ತದೆ. ನಗರ, ಸರೋವರ, ಬೆಟ್ಟ ಮೂರೂ ಇದೊಂದೇ ನೀರಿನ ದಡದಲ್ಲಿವೆ. ಬರ್ನ್‌ನಿಂದ ಮೈರಿಂಗೆನ್‌ವರೆಗೆ ರೈಲಿನಲ್ಲಿ ಒಂದೂವರೆ ಗಂಟೆ ಚಿಲ್ಲರೆ, ಅಷ್ಟೇ.

ನಾವು ಮಾಡಿದ್ದು ಹೀಗೆ. ಜ್ಯೂರಿಕ್ ವಿಮಾನ ನಿಲ್ದಾಣದ ಅಡಿಯಲ್ಲೇ ರೈಲು ಸಿಗುತ್ತದೆ. ಅದರಲ್ಲಿ ನೇರ ಬರ್ನ್. ಮೂರು ರಾತ್ರಿ ಅಲ್ಲಿ. ಉಳಿದ ಏಳು ರಾತ್ರಿ ಬ್ರಿಯೆಂಟ್ಸ್ ಎಂಬ ಸಣ್ಣ ಊರಿನಲ್ಲಿ, ಅಡುಗೆಮನೆ ಇದ್ದ ಎರಡು ಕೋಣೆಯ ಮನೆಯಲ್ಲಿ. ಪೆಟ್ಟಿಗೆ ಕಟ್ಟಿ ಬಿಚ್ಚಿದ್ದು ಎರಡೇ ಸಲ. ಬೆಳಿಗ್ಗೆ ಗಂಜಿ ಉಂಡು ಹೊರಟರೆ ಸಂಜೆ ಚಾಯ ಕುಡಿಯಲು ಮನೆಗೆ.

ಬರ್ನ್ ಹಳೇ ಪೇಟೆಯನ್ನು ಆರೆ ಹೊಳೆ ಮೂರು ಕಡೆಯಿಂದ ಸುತ್ತಿ ಹರಿಯುತ್ತದೆ. 1983ರಿಂದ ಆ ಪೇಟೆ ಯುನೆಸ್ಕೋ ಪಟ್ಟಿಯಲ್ಲಿದೆ. ಅಂಗಡಿಗಳ ಮುಂದೆ ಕಲ್ಲಿನ ಕಮಾನಿನ ಜಗಲಿಗಳು, ಒಟ್ಟು ಸುಮಾರು 6 ಕಿ.ಮೀ. ಮಳೆ ಬಂದರೂ ಕೊಡೆ ಬಿಡಿಸದೆ ನಡೆಯಬಹುದು. ಮಂಡಿನೋವಿನ ಅಮ್ಮನಿಗೆ ಅದು ದೊಡ್ಡ ಅನುಕೂಲ, ಸಮತಟ್ಟು ನೆಲ, ದಣಿದರೆ ಟ್ರಾಮ್. ರಸ್ತೆಯ ನಡುವೆ 16ನೇ ಶತಮಾನದ ಕಾರಂಜಿಗಳಿವೆ, ಬಣ್ಣ ಬಳಿದ ಕಲ್ಲಿನ ಗೊಂಬೆ ಮೇಲೆ, ಕೆಳಗೆ ನೀರಿನ ತೊಟ್ಟಿ. ಆ ನೀರು ಕುಡಿಯಬಹುದು. ಬಾಟಲಿ ಹಿಡಿದು ತುಂಬಿಸಿಕೊಳ್ಳುವುದೇ. ಕುಡಿಯಬಾರದ ಕಡೆ "ಕೈನ್ ಟ್ರಿಂಕ್‌ವಾಸರ್" ಅಂತ ಬರೆದಿರುತ್ತಾರೆ, ಆ ಎರಡು ಪದ ಕಲಿತುಕೊಳ್ಳಿ. ನೀರಿನ ಬಾಟಲಿಗೆ ಒಂದು ಪೈಸೆ ಖರ್ಚು ಮಾಡಲಿಲ್ಲ ನಾವು.

ಬ್ರಿಯೆಂಟ್ಸ್‌ನಲ್ಲಿ ನಮ್ಮ ಮನೆಯ ಪಕ್ಕ ಇಡೀ ಮರದ ಕಾಂಡವನ್ನೇ ಕೊರೆದು ಮಾಡಿದ ತೊಟ್ಟಿ ಇತ್ತು. ಬೆಟ್ಟದ ನೀರು ಸಣ್ಣ ನಳಿಗೆಯಲ್ಲಿ ಬಂದು ಹಗಲೂ ರಾತ್ರಿ ಅದಕ್ಕೆ ಬೀಳುತ್ತಿತ್ತು. ಮೊದಲ ರಾತ್ರಿ ನಿದ್ದೆಯಲ್ಲಿ ಆ ಶಬ್ದ ಕೇಳಿ ನಾನು ತವರಿನಲ್ಲಿದ್ದೇನೆ ಅಂತಲೇ ಅಂದುಕೊಂಡೆ. ನಮ್ಮ ತವರಿನಲ್ಲಿ ಗುಡ್ಡೆ ಕೊರೆದ ಸುರಂಗದ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಬಂದು ಹಿತ್ತಲ ಕೆರೆಗೆ ಬೀಳುತ್ತಿತ್ತು. ಅದೇ ಶಬ್ದ, ನಡುವೆ ಸಣ್ಣಗೆ ಒಂದು ಗುಳುಗುಳು. ಬೆಳಿಗ್ಗೆ ಎದ್ದು ಕೈ ಹಾಕಿದರೆ ಬೆರಳು ಮರಗಟ್ಟುವಷ್ಟು ತಂಪು.

ಆ ಸರೋವರದ ಬಣ್ಣ ಹೇಗೆ ಹೇಳಲಿ? ನೀಲಿಯೂ ಅಲ್ಲ, ಹಸಿರೂ ಅಲ್ಲ. ಬೋರ್ಡೋ ಮದ್ದಿನ ಡ್ರಮ್ಮಿನಲ್ಲಿ ಮೈಲುತುತ್ತು ಮತ್ತು ಸುಣ್ಣದ ನೀರು ಸೇರುವ ಹೊತ್ತಿಗೆ ಒಂದು ತಿಳಿ ಬಣ್ಣ ಬರುತ್ತದಲ್ಲ, ಅದು! ನಿನ್ನ ಅಪ್ಪನಿಗೆ ಕೂಡಲೇ ಗೊತ್ತಾಗುತ್ತದೆ. ಹಿಮನದಿ ಬಂಡೆಯ ಮೇಲೆ ಜಾರುವಾಗ ಕಲ್ಲನ್ನು ಹಿಟ್ಟಿನ ಹಾಗೆ ಅರೆಯುತ್ತದೆ. ಆ ಹುಡಿ ನೀರಿನಲ್ಲಿ ತಳ ಸೇರದೆ ತೇಲುತ್ತಾ ಇರುತ್ತದೆ, ಬೆಳಕು ಅದಕ್ಕೆ ತಾಗಿ ಆ ಬಣ್ಣ ಕಾಣುತ್ತದೆ. ಸರೋವರ 14 ಕಿ.ಮೀ. ಉದ್ದ, ಆಳ 260 ಮೀಟರ್. ಅದರ ಮೇಲೆ "ಲೋಚ್‌ಬರ್ಗ್" ಎಂಬ 1914ರ ಉಗಿ ದೋಣಿ ಓಡುತ್ತದೆ. ಇಂಟರ್‌ಲಾಕೆನ್‌ನಿಂದ ಬ್ರಿಯೆಂಟ್ಸ್‌ಗೆ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ದೋಣಿಯ ನಡುವೆ ಯಂತ್ರ ಕಾಣುವ ಹಾಗೆ ತೆರೆದಿಟ್ಟಿದ್ದಾರೆ. ಹೊಳೆಯುವ ಕಬ್ಬಿಣದ ತೋಳುಗಳು ಮೇಲೆ ಕೆಳಗೆ ಹೋಗುತ್ತವೆ, ಒಬ್ಬರು ಉದ್ದ ಮೂತಿಯ ಡಬ್ಬಿಯಲ್ಲಿ ಎಣ್ಣೆ ಬಿಡುತ್ತಾರೆ. ನಮ್ಮವರು 40 ವರ್ಷ ತೋಟದ ಡೀಸೆಲ್ ಪಂಪು ತಾವೇ ಬಿಚ್ಚಿ ಜೋಡಿಸಿದವರು. ಸರೋವರ ನೋಡಲೇ ಇಲ್ಲ! ಇಡೀ ದಾರಿ ಆ ಯಂತ್ರದ ಮುಂದೆ ನಿಂತರು. ಇಳಿಯುವಾಗ ಎಣ್ಣೆ ಬಿಡುವವರು ಅವರ ಕೈ ಕುಲುಕಿದರು. ಇಬ್ಬರಿಗೂ ಪರಸ್ಪರ ಭಾಷೆ ಬರುವುದಿಲ್ಲ.

ದಾರಿಯಲ್ಲಿ ಗೀಸ್‌ಬಾಖ್ ಅಂತ ಒಂದು ಕಡೆ ದೋಣಿ ನಿಲ್ಲುತ್ತದೆ. 14 ಹಂತದಲ್ಲಿ ಧುಮುಕುವ ಜಲಪಾತ. ದಡದಿಂದ ಮೇಲೆ ಹೋಗಲು 1879ರಲ್ಲಿ ಹಾಕಿದ ಹಗ್ಗದ ರೈಲು ಈಗಲೂ ಓಡುತ್ತದೆ, ಅಮ್ಮ ನಡೆದು ಹತ್ತಬೇಕಾಗಿಲ್ಲ.

ನಿನ್ನ ಅಪ್ಪನ ಪ್ರಶ್ನೆಗೆ ಉತ್ತರ ಬಾಲೆನ್‌ಬರ್ಗ್‌ನಲ್ಲಿದೆ. ಬ್ರಿಯೆಂಟ್ಸ್ ಪಕ್ಕ, ಬಸ್ಸು ಉಂಟು. ದೇಶದ ಬೇರೆ ಬೇರೆ ಕಡೆಯ ನೂರಕ್ಕೂ ಜಾಸ್ತಿ ಹಳೇ ರೈತರ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ. 1978ರಲ್ಲಿ ತೆರೆದದ್ದು, ಅಕ್ಟೋಬರ್ ಕೊನೆಯವರೆಗೆ ಇರುತ್ತದೆ. ಒಂದು ದಿನ ಪೂರ್ತಿ ಇಡಿ ಅದಕ್ಕೆ. ಒಲೆಯಲ್ಲಿ ನಿಜವಾದ ಬೆಂಕಿ, ಹಟ್ಟಿಯಲ್ಲಿ ನಿಜವಾದ ದನ. ಅಲ್ಲಿ ಕಂಡ ವಾಲೆ ಪ್ರಾಂತ್ಯದ ಕಣಜ ನನಗೆ ಮರೆಯುವುದಿಲ್ಲ. ಮರದ ಕಂಬಗಳ ಮೇಲೆ ನಿಲ್ಲಿಸಿದ ಪುಟ್ಟ ಮನೆ ಅದು. ಪ್ರತಿ ಕಂಬದ ತಲೆಯ ಮೇಲೆ ದೋಸೆಕಲ್ಲಿನಂಥ ಅಗಲ ಚಪ್ಪಡಿ, ಅದರ ಮೇಲೆ ಕಣಜ ಕೂತಿದೆ. ಇಲಿ ಕಂಬ ಹತ್ತಿ ಬಂದರೂ ಆ ಚಪ್ಪಡಿಯ ಅಡಿಯಲ್ಲಿ ತಲೆಕೆಳಗಾಗಿ ನಡೆಯಲಾಗದೆ ಬೀಳುತ್ತದೆ. ಭತ್ತ ತುಂಬಿಡುವ ನಮ್ಮ ಹಳೇ ಪತ್ತಾಯ ಎಷ್ಟು ಸಲ ಇಲಿ ಕೊರೆದಿತ್ತು ಅಂತ ನೆನಪಾಯಿತು.

ಸೆಪ್ಟೆಂಬರ್‌ನಲ್ಲಿ ಇನ್ನೊಂದು ಲಾಭ. ಬೇಸಿಗೆಯಲ್ಲಿ ಬೆಟ್ಟದ ಹುಲ್ಲುಗಾವಲಿಗೆ ಹೋದ ದನಗಳು ಆಗ ಕೆಳಗೆ ಬರುತ್ತವೆ. ನಾವು ಮೈರಿಂಗೆನ್ ಹತ್ತಿರ ಬಸ್ಸಿನಲ್ಲಿದ್ದಾಗ ಒಂದು ಮಂದೆ ರಸ್ತೆಯಲ್ಲೇ ಎದುರಾಯಿತು. ಕೊಂಬಿಗೆ ಹೂವು, ಕೊರಳಲ್ಲಿ ಕೊಡಪಾನದಷ್ಟು ದೊಡ್ಡ ಗಂಟೆ. ಚಾಲಕರು ಬಸ್ಸು ನಿಲ್ಲಿಸಿ, ಇಂಜಿನ್ ಆರಿಸಿ ಕಾದರು. ಒಬ್ಬರೂ ಗೊಣಗಲಿಲ್ಲ. ಥೂನ್ ಸರೋವರದ ಮೇಲಿನ ಯುಸ್ಟಿಸ್‌ಟಾಲ್ ಎಂಬ ಕಣಿವೆಯಲ್ಲಿ ಅದೇ ತಿಂಗಳು ಚೀಸ್ ಪಾಲು ಮಾಡುವ ಹಬ್ಬ ನಡೆಯುತ್ತದೆ. ಯಾರ ದನ ಎಷ್ಟು ಹಾಲು ಕೊಟ್ಟಿತೋ ಅಷ್ಟು ಚೀಸ್ ಅವರಿಗೆ. ನಮ್ಮ ಹಾಲಿನ ಸೊಸೈಟಿಯ ಲೆಕ್ಕವೇ. ಅಪ್ಪನನ್ನು ಸಾಧ್ಯವಾದರೆ ಅಲ್ಲಿಗೆ ಕರೆದುಕೊಂಡು ಹೋಗು.

ಊಟಕ್ಕೆ ಹೆದರಬೇಡ. ಕುಚ್ಚಲಕ್ಕಿ ಎರಡು ಕಿಲೋ, ಅವಲಕ್ಕಿ, ಸಾರಿನ ಹುಡಿ, ಹಪ್ಪಳ, ಮಿಡಿ ಉಪ್ಪಿನಕಾಯಿ ಒಯ್ದೆವು. ಉಪ್ಪಿನಕಾಯಿಯನ್ನು ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಕಟ್ಟಬೇಕು. ತುಪ್ಪ, ಹಾಲಿನ ಸಿಹಿ ಒಯ್ಯಬಾರದು, ಹಾಲು-ಮಾಂಸದ ಪದಾರ್ಥಗಳನ್ನು ನಮ್ಮ ದೇಶದಿಂದ ತರಲು ಅವರು ಬಿಡುವುದಿಲ್ಲ. ಹಸಿ ಸೊಪ್ಪೂ ಇಲ್ಲ. ಅಂದರೆ ಕರಿಬೇವು ಇಲ್ಲ, ವೀಳ್ಯದೆಲೆಯೂ ಇಲ್ಲ. ನಮ್ಮವರು ಹನ್ನೊಂದು ದಿನ ಲವಂಗ, ಏಲಕ್ಕಿ ಬಾಯಿಗೆ ಹಾಕಿಕೊಂಡು ಕಳೆದರು. ಮೊದಲ ಎರಡು ದಿನ ಕಷ್ಟ ಆಯ್ತು, ಆಮೇಲೆ ಕೇಳಲಿಲ್ಲ. ಅಪ್ಪನಿಗೆ ಇದನ್ನು ಈಗಲೇ ಹೇಳಿಬಿಡು. ಅಲ್ಲಿ ಹೋದ ಮೇಲೆ ಗೊತ್ತಾದರೆ ಬೇಸರ ಆಗುತ್ತದೆ. ಅಲ್ಲಿಯ ಹಾಲು, ಮೊಸರು, ಆಲೂಗಡ್ಡೆ ಮಾತ್ರ ಎಷ್ಟು ರುಚಿ! ಆಲೂಗಡ್ಡೆ ತುರಿದು ಬಾಣಲೆಯಲ್ಲಿ ಕೆಂಪಗೆ ಹುರಿದ ರೋಷ್ಟಿ ಅಂತ ಸಿಗುತ್ತದೆ, ಮಾಂಸ ಹಾಕಬೇಡಿ ಅಂತ ಮೊದಲೇ ಹೇಳಿದರೆ ಆಯ್ತು.

ನೀರ್ಚಾಲಿನವಳು

ಟೀಚರ್, ನಿಮ್ಮ ಬರಹವನ್ನು ರಾತ್ರಿ ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಿದೆ. ಇಲಿಯ ಚಪ್ಪಡಿಯ ಜಾಗವನ್ನು ಎರಡು ಸಲ ಓದಿಸಿದರು. "ಅದು ಕಲ್ಲೋ ಮರವೋ ಸರಿಯಾಗಿ ಕೇಳು" ಅಂದರು. ವೀಳ್ಯದೆಲೆಯ ವಿಷಯಕ್ಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ "ಆಗಲಿ" ಅಂದರು.

ಎರಡು ಸಂಶಯ. ನಿಮ್ಮ ದಾರಿಯಲ್ಲಿ ಅಮ್ಮನಿಗೆ ಹಿಮ ಮುಟ್ಟಲು ಸಿಗುತ್ತದಾ? ಮತ್ತೆ ಕಾಗದಪತ್ರದ ವಿಷಯ.

ಹೊಸೂರು ಸೈಕಲ್

ಟೀಚರ್ ಹೇಳಿದ ಹೊಳೆಯ ದಾರಿ ನನಗೆ ತುಂಬ ಹಿಡಿಸಿತು. ಹಿಮದ ವಿಷಯ ನಾನು ಹೇಳುತ್ತೇನೆ. ಸೆಪ್ಟೆಂಬರ್‌ನಲ್ಲಿ ಕೆಳಗಿನ ಬೆಟ್ಟಗಳಲ್ಲಿ ಹಿಮ ಸಿಗುವ ಭರವಸೆ ಇಲ್ಲ. ಹಾಗಾಗಿ ಯುಂಗ್‌ಫ್ರಾವ್‌ಯೋಕ್ ಬಿಡಬೇಡಿ. ಏಜೆಂಟರ ಪಟ್ಟಿಯ ಯುಂಗ್‌ಫ್ರಾವ್ ಅಂದರೆ ಅದೇ, ಬೆಟ್ಟದ ಮೇಲಿನ ರೈಲು ನಿಲ್ದಾಣ. ದುಬಾರಿ ನಿಜ. ಆದರೆ ನಿಮ್ಮ ಅಮ್ಮ ಕೇಳಿದ್ದು ಒಂದೇ ಒಂದು, ಅಲ್ವಾ?

2022ರಲ್ಲಿ ನಮ್ಮ ತಾಯಿಯನ್ನು ಕರೆದುಕೊಂಡು ಹೋಗಿದ್ದೆ, ಆಗ ಅವರಿಗೆ 66. ನಿಲ್ದಾಣ ಇರುವುದು 3,454 ಮೀಟರ್ ಎತ್ತರದಲ್ಲಿ. 1896ರಲ್ಲಿ ಕೆಲಸ ಶುರು ಮಾಡಿ, ಐಗರ್ ಮತ್ತು ಮೋಂಖ್ ಬೆಟ್ಟಗಳ ಹೊಟ್ಟೆಯೊಳಗೆ 7 ಕಿ.ಮೀ. ಸುರಂಗ ಕೊರೆದು, 1912ರಲ್ಲಿ ರೈಲು ಬಿಟ್ಟರು. ಅಷ್ಟು ಎತ್ತರಕ್ಕೆ ಒಂದೇ ಸಲ ಹೋದರೆ ತಲೆ ಭಾರ ಆಗುತ್ತದೆ, ಉಸಿರು ಬೇಗ ಬೇಗ ಬರುತ್ತದೆ. ಅಪ್ಪನ ಡಾಕ್ಟರನ್ನು ಮೊದಲು ಕೇಳಿ, ಅವರು ಬೇಡ ಅಂದರೆ ಬೇಡ. ಹೋಗುವುದಾದರೆ ಲೌಟರ್‌ಬ್ರುನೆನ್ ಕಡೆಯಿಂದ ಹಲ್ಲುಗಾಲಿ ರೈಲಿನಲ್ಲಿ ಹೋಗಿ. ನಡುವೆ ಕ್ಲೈನೆ ಶೈಡೆಗ್‌ನಲ್ಲಿ ಇಳಿದು ಒಂದು ಗಂಟೆ ಕೂತುಕೊಳ್ಳಿ, ಅದು 2,061 ಮೀಟರ್. ಮೈಗೆ ಸ್ವಲ್ಪ ಬಿಡುವು ಸಿಗುತ್ತದೆ. ಮೇಲೆ ನಿಧಾನ ನಡೆಯಿರಿ, ಮೆಟ್ಟಿಲು ಓಡಬೇಡಿ, ನೀರು ಜಾಸ್ತಿ ಕುಡಿಯಿರಿ, ಎರಡು ಗಂಟೆಯಲ್ಲಿ ಇಳಿದುಬಿಡಿ. ನಮ್ಮ ತಾಯಿಗೆ ಮೊದಲು ಸ್ವಲ್ಪ ತಲೆ ಸುತ್ತಿತು. ಕೂತು ಬಿಸಿನೀರು ಕುಡಿದ ಮೇಲೆ ಸರಿಹೋಯಿತು.

ಅಲ್ಲಿಂದ ಕೆಳಗೆ ಕಾಣುವುದು ಅಲೆಚ್ ಹಿಮನದಿ, ಆಲ್ಪ್ಸ್‌ನಲ್ಲೇ ಅತಿ ಉದ್ದದ್ದು. ಅದೂ ಕರಗುತ್ತಿದೆ. 2022 ಮತ್ತು 2023, ಈ ಎರಡೇ ವರ್ಷದಲ್ಲಿ ಆ ದೇಶದ ಹಿಮನದಿಗಳ ಹತ್ತನೇ ಒಂದು ಪಾಲು ಹೋಯಿತು. ಅಮ್ಮನ ಆಸೆಯನ್ನು ಮುಂದೂಡಬೇಡಿ.

ಹವೆ ನೋಡದೆ ಟಿಕೆಟ್ ತೆಗೆಯಬೇಡಿ. ಮೇಲಿನ ಕ್ಯಾಮೆರಾದ ಚಿತ್ರ ಬೆಳಿಗ್ಗೆ ಮೊಬೈಲಿನಲ್ಲೇ ಸಿಗುತ್ತದೆ. ಮೋಡ ಇದ್ದರೆ ಮರುದಿನ. ಒಂದೇ ಊರಿನಲ್ಲಿ ಏಳು ರಾತ್ರಿ ಇದ್ದರೆ ಹೀಗೆ ಕಾಯಲು ಆಗುತ್ತದೆ, ದಿನಕ್ಕೊಂದು ಹೋಟೆಲ್ ಇದ್ದರೆ ಆಗುವುದಿಲ್ಲ.

ಮುಳ್ಳೇರಿಯದ ಟೀಚರ್

ಹೊಸೂರಿನವರು ಹೇಳಿದ್ದು ಸರಿ. ನಮ್ಮವರಿಗೆ ಎದೆಯ ತೊಂದರೆ ಇದ್ದ ಕಾರಣ ನಾವು ಅಷ್ಟು ಮೇಲೆ ಹೋಗಲಿಲ್ಲ. ಬ್ರಿಯೆಂಟ್ಸ್‌ನಿಂದಲೇ 1892ರ ಉಗಿ ರೈಲು ರೊಟ್‌ಹಾರ್ನ್ ಬೆಟ್ಟಕ್ಕೆ ಹತ್ತುತ್ತದೆ, ಅದರಲ್ಲಿ ಹೋದೆವು. ದೂರದ ಹಿಮ ಕಣ್ತುಂಬ ಕಂಡಿತು, ಕೈಗೆ ಸಿಗಲಿಲ್ಲ. ನಿನ್ನ ಅಮ್ಮ ಮೇಲಕ್ಕೆ ಹೋಗಲೇಬೇಕು. ಡಾಕ್ಟರ್ ಅಪ್ಪನಿಗೆ ಬೇಡ ಅಂದರೆ ಅವರು ಆ ದಿನ ಕೆಳಗೆ ದೋಣಿಯ ಯಂತ್ರ ನೋಡಲಿ. ಅಪ್ಪನಿಗೆ ಹೇಳು, ಅದು ಕಲ್ಲಿನ ಚಪ್ಪಡಿ. ಕಂಬ ಮಾತ್ರ ಮರದ್ದು.

ಈಗ ಕಾಗದಪತ್ರ. ನಮ್ಮವರಿಗೂ ಸಂಬಳದ ಚೀಟಿ ಇಲ್ಲ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಅಡಿಕೆ ಮಾರಿದ ಬಿಲ್ಲುಗಳು, ಆರು ತಿಂಗಳ ಬ್ಯಾಂಕ್ ಲೆಕ್ಕ, ಜಾಗದ ತೀರ್ವೆ (ಕಂದಾಯ) ರಶೀದಿ, ಮಗನ ಪತ್ರ, ಇಷ್ಟು ಜೋಡಿಸಿದೆವು. ತೀರ್ವೆ ರಶೀದಿ ಮಲಯಾಳದಲ್ಲಿತ್ತು. ಅರ್ಜಿ ತೆಗೆದುಕೊಳ್ಳುವ ಕೇಂದ್ರದಲ್ಲಿ ಇಂಗ್ಲಿಷ್ ಅನುವಾದ ಇಲ್ಲದೆ ಆಗುವುದಿಲ್ಲ ಅಂದರು. ಆ ದಿನ ನಾವು ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋದವರು. ಮೊದಲೇ ಒಂದು ಮಾತು ಹೇಳಿದ್ದರೆ ಎರಡನೇ ಸಲ ಹೋಗುವುದು ತಪ್ಪುತ್ತಿತ್ತು. ಅಷ್ಟು ದೂರದಿಂದ ವಯಸ್ಸಾದವರು ಬರುತ್ತಾರೆ ಅಂತ ಅವರು ಯೋಚಿಸಬೇಕಿತ್ತು. ನೀನು ಅನುವಾದ ಮಾಡಿಸಿ ನೋಟರಿಯವರ ಸೀಲು ಹಾಕಿಸಿಯೇ ಹೋಗು. ಪಾಸ್‌ಪೋರ್ಟಿನಲ್ಲಿ, ಆಧಾರ್‌ನಲ್ಲಿ, ರಶೀದಿಯಲ್ಲಿ ಅಪ್ಪನ ಹೆಸರು ಒಂದೇ ಥರ ಉಂಟಾ ನೋಡು. ನಮ್ಮ ಕಡೆ ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬರುವಾಗ ಒಂದಕ್ಷರ ಆಚೀಚೆ ಆಗಿರುತ್ತದೆ.

ಬೆರಳಚ್ಚು ಕೊಡಲು ಇಬ್ಬರೂ ಖುದ್ದಾಗಿ ಹೋಗಬೇಕು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿಂದ ಅರ್ಜಿ ಹಾಕಬಹುದು, ಕೊನೇ ಗಡುವು 15 ದಿನ. ಮಾರ್ಚ್-ಏಪ್ರಿಲ್‌ನಲ್ಲೇ ಶುರು ಮಾಡು. ಶುಲ್ಕ 2024ರ ಜೂನ್‌ನಿಂದ 90 ಯೂರೋ ಆಗಿದೆ, ಕೇಂದ್ರದವರ ಶುಲ್ಕ ಬೇರೆ. ಕನಿಷ್ಠ 30,000 ಯೂರೋದ ಪ್ರಯಾಣ ವಿಮೆ ಬೇಕು. ಬಿಪಿ ಇರುವುದನ್ನು ವಿಮೆಯವರ ಹತ್ತಿರ ಮುಚ್ಚಿಡಬೇಡ.

ಓಡಾಟಕ್ಕೆ ಸ್ವಿಸ್ ಟ್ರಾವೆಲ್ ಪಾಸ್ ತೆಗೆದುಕೊಂಡೆವು. ರೈಲು, ದೋಣಿ, ಹಳದಿ ಬಸ್ಸು, ಪೇಟೆಯ ಟ್ರಾಮ್ ಎಲ್ಲ ಅದರಲ್ಲೇ. ಎತ್ತರದ ಬೆಟ್ಟದ ರೈಲುಗಳಿಗೆ ಮಾತ್ರ ಬೇರೆ ದುಡ್ಡು, ರಿಯಾಯಿತಿ ಸಿಗುತ್ತದೆ.

ಇನ್ನೊಂದು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಬರ್ನ್‌ನಲ್ಲಿ ಇದ್ದಾಗ ಒಂದು ದಿನ ಫ್ರಿಬೂರ್ ಕಡೆಗೆ ರೈಲಿನಲ್ಲಿ ಹೋದೆವು. ಹೊರಡುವಾಗ ಘೋಷಣೆ ಮೊದಲು ಜರ್ಮನ್, ಆಮೇಲೆ ಫ್ರೆಂಚ್. ಸ್ವಲ್ಪ ದೂರ ಹೋದ ಮೇಲೆ ಫ್ರೆಂಚ್ ಮೊದಲು, ಜರ್ಮನ್ ಆಮೇಲೆ. ಕಿಟಕಿಯಾಚೆ ಅದೇ ಹುಲ್ಲು, ಅದೇ ದನ. ಭಾಷೆಯ ಗಡಿ ದಾಟಿದ್ದು ಕಿವಿಗೆ ಮಾತ್ರ ಗೊತ್ತಾಯಿತು. ಸಂಜೆ ಮಗ ಹತ್ತು ಫ್ರಾಂಕಿನ ನೋಟು ತೋರಿಸಿದ. ಅದರಲ್ಲಿ ಬ್ಯಾಂಕಿನ ಹೆಸರು ನಾಲ್ಕು ಭಾಷೆಯಲ್ಲಿದೆ: ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್. ರೊಮಾನ್ಶ್ ಆಡುವವರು ಇಡೀ ದೇಶದಲ್ಲಿ ನೂರಕ್ಕೆ ಒಬ್ಬರೂ ಇಲ್ಲ. 1938ರಲ್ಲಿ ಜನ ಮತ ಹಾಕಿ ಅದನ್ನೂ ರಾಷ್ಟ್ರಭಾಷೆ ಅಂತ ಒಪ್ಪಿಕೊಂಡರು. ಬಸ್ಸಿನ ಬೋರ್ಡಿನಲ್ಲಿ ಕನ್ನಡ ಉಂಟಾ ಅಂತ ಕತ್ತೆತ್ತಿ ನೋಡುತ್ತಾ ಮುದುಕಿಯಾದವಳು ನಾನು. ಆ ನೋಟನ್ನು ಖರ್ಚು ಮಾಡಲು ಮನಸ್ಸು ಬರಲಿಲ್ಲ. ನನ್ನ ಹಳೇ ಪಾಠದ ಪುಸ್ತಕದೊಳಗೆ ಇಟ್ಟಿದ್ದೇನೆ.

ಬ್ರಿಯೆಂಟ್ಸ್‌ನಲ್ಲಿ ಮನೆ ಹುಡುಕುವಾಗ ಇದೂ ನೆನಪಿರಲಿ. 2024ರ ಆಗಸ್ಟ್ 12ರಂದು ಅಲ್ಲಿ ಜೋರು ಮಳೆಗೆ ಬೆಟ್ಟದ ತೊರೆ ಉಕ್ಕಿ, ಕಲ್ಲು ಮಣ್ಣು ಎಲ್ಲ ಊರೊಳಗೆ ನುಗ್ಗಿತು. ನಾವು ಉಗಿ ರೈಲು ಹತ್ತಿದ ಜಾಗವೂ ಕೆಸರಲ್ಲಿ ಮುಚ್ಚಿತ್ತು. ವಯನಾಡಿನಲ್ಲಿ ಗುಡ್ಡೆ ಕುಸಿದು ಎರಡೇ ವಾರ ಆಗಿತ್ತು. ಚೂರಲ್‌ಮಲೆಯ ಚಿತ್ರಗಳು ಇನ್ನೂ ಕಣ್ಣ ಮುಂದೆ ಇದ್ದವು, ಅಷ್ಟರಲ್ಲಿ ಮಗ ಇದನ್ನು ಕಳಿಸಿದ. ಅಲ್ಲಿ ಜೀವಹಾನಿ ಆಗಲಿಲ್ಲ ಅಂತ ಓದುವವರೆಗೆ ಆ ಮನೆಯ ಅಜ್ಜಿಯದೇ ಯೋಚನೆ. ಪ್ರತಿ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ತೋಟದ ನಾಲ್ಕು ಸೇಬು ಇಟ್ಟು ಹೋಗುತ್ತಿದ್ದವರು ಅವರು.

ನೀರ್ಚಾಲಿನವಳು

ಟೀಚರ್, ಏಜೆಂಟರಿಗೆ ಬೇಡ ಅಂತ ಹೇಳಿ ಆಯ್ತು. ಸೆಪ್ಟೆಂಬರ್ 14ಕ್ಕೆ ಹೊರಡೋದು ಅಂತ ಅಪ್ಪನೇ ದಿನ ಗೊತ್ತು ಮಾಡಿದರು. ಅಲ್ಲಿಯವರೆಗೆ ಮದ್ದೆಲ್ಲ ಬಿಟ್ಟಾಗುತ್ತದಂತೆ. ದನಗಳನ್ನು ಮಾವನ ಮನೆಗೆ ಬಿಡುವುದು. ಬರ್ನ್ 3, ಬ್ರಿಯೆಂಟ್ಸ್ 7, ನೀವು ಹೇಳಿದ ಹಾಗೆಯೇ. ಭಾನುವಾರ ಊರಿಗೆ ಹೋಗಿ ರಶೀದಿಗಳನ್ನೆಲ್ಲ ಒಟ್ಟು ಮಾಡುತ್ತೇನೆ. ಹೆಸರಿನ ವಿಷಯ ಹೇಳಿದ್ದು ಒಳ್ಳೆಯದಾಯಿತು, ಅಪ್ಪನ ಆಧಾರ್‌ನಲ್ಲಿ "ಭಟ್" ಉಂಟು, ರಶೀದಿಯಲ್ಲಿ "ಭಟ್ಟ".

ಅಮ್ಮ ಒಂದು ಕೇಳಲು ಹೇಳಿದ್ದಾರೆ. ಸೀರೆಯಲ್ಲೇ ಹೋಗಬಹುದಾ? ಹಿಮಕ್ಕೆ ಏನು ಹಾಕಿಕೊಳ್ಳೋದು?

ಮುಳ್ಳೇರಿಯದ ಟೀಚರ್

ನಾನು ಹನ್ನೊಂದು ದಿನವೂ ಸೀರೆಯಲ್ಲೇ ಇದ್ದೆ. ಒಳಗೆ ಉಣ್ಣೆಯ ಉದ್ದ ಚಡ್ಡಿ, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಕೋಟು. ಸೀರೆಯನ್ನು ಒಂದು ಗೇಣು ಮೇಲೆ ಉಡಲಿ, ರೈಲಿನ ಮೆಟ್ಟಿಲಿಗೆ ಸಿಕ್ಕಬಾರದು. ಚಪ್ಪಲಿ ಮಾತ್ರ ಬೇಡವೇ ಬೇಡ. ಹಿಡಿತ ಇರುವ ಶೂ ಈಗಲೇ ತೆಗೆದುಕೊಟ್ಟು, ದಿನಾ ತೋಟದ ದಾರಿಯಲ್ಲಿ ಅರ್ಧ ಗಂಟೆ ಹಾಕಿ ನಡೆಯಲು ಹೇಳು. ಕೈಗವಸು ಒಂದು ಜೊತೆ ಇರಲಿ. ಹಿಮ ಮುಟ್ಟುವಾಗ ತೆಗೆದುಬಿಡಲಿ.